ಧೂಮಕೇತು ಬರಲಿಲ್ಲ, ಭಾಷೆಯೊಂದು ಸಿಕ್ಕಿತು!

ಸಿಡ್ನಿಯ ಮೂಲನಿವಾಸಿಗಳ ಭಾಷೆಯಲ್ಲಿ ನಿಮಗೆ ಎಷ್ಟು ಪದ ಗೊತ್ತು?

ಒಂದೂ ಇಲ್ಲ ಅಂತೀರಾ? ಸುಳ್ಳು! ಮರ ತಬ್ಬಿಕೊಂಡು ದಿನವಿಡೀ ನಿದ್ದೆ ಹೊಡೆಯುವ ಕೋಲಾ ಗೊತ್ತಲ್ಲ? ಆ ಹೆಸರು ಅಲ್ಲಿಯದು. ಡಿಂಗೊ ನಾಯಿ? ಅದೂ ಅಲ್ಲಿಯದೇ. ವಾಲಬಿ? ಅದೂ! ಎಸೆದವನ ಕಡೆಗೇ ಮರಳಿ ಬರುವ ಬೂಮರಾಂಗ್? ಅದೂ ಸಿಡ್ನಿ ಸೀಮೆಯದೇ!

ನೋಡಿ, ಕೂತಲ್ಲೇ ನಾಲ್ಕು ಪದ ಬಂತು.

ಕಾಂಗರೂ? ತಾಳಿ, ತಾಳಿ. ಅದರ ಕಥೆಯೇ ಬೇರೆ. ಆಮೇಲೆ ಹೇಳುತ್ತೇನೆ.

ಮೊದಲು ಇದನ್ನು ಕೇಳಿ. ಆ ಭಾಷೆಯನ್ನು ಬಿಡಿ ಪದಗಳಾಗಿ ಅಲ್ಲ, ಮಾತುಕತೆಗಳಾಗಿ, ಸಿಟ್ಟು-ಸೆಡವು-ಭಯ ಸಮೇತ ಬರೆದಿಟ್ಟ ಒಬ್ಬ ಮನುಷ್ಯನಿದ್ದಾನೆ. ಅದೂ 1790ರಲ್ಲಿ! ಯಾರಿರಬಹುದು? ಊಹಿಸಿ.

ಪಾದ್ರಿಯೇ? ಅಲ್ಲ. ಭಾಷಾ ಪಂಡಿತನೇ? ಅಲ್ಲ. ಗವರ್ನರ್ ಸಾಹೇಬರ ದುಭಾಷಿಯೇ? ಅಲ್ಲವೇ ಅಲ್ಲ!

ಅವನೊಬ್ಬ ನೌಕಾಸೈನಿಕ. ಅವನಿಗೆ ಒಪ್ಪಿಸಿದ್ದ ಕೆಲಸ ಆಕಾಶ ನೋಡುವುದು!

ಹೆಸರು ವಿಲಿಯಂ ಡಾಸ್. ಹುಟ್ಟಿದ್ದು 1762ರಲ್ಲಿ, ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ. 1788ರ ಜನವರಿಯಲ್ಲಿ 11 ಹಡಗುಗಳು ಸಾವಿರಕ್ಕೂ ಹೆಚ್ಚು ಜನರನ್ನು ತಂದು ಸಿಡ್ನಿಯ ದಡಕ್ಕೆ ಇಳಿಸಿದವಲ್ಲ, ಬಹುಪಾಲು ಕೈದಿಗಳೇ, ಆ ಗುಂಪಿನಲ್ಲಿ ಇವನೂ ಇದ್ದ. ಜೊತೆಗೆ ದೂರದರ್ಶಕವೂ ಗಡಿಯಾರಗಳೂ ಇದ್ದವು. ಇಂಗ್ಲೆಂಡಿನ ಆಸ್ಥಾನ ಖಗೋಳಜ್ಞ ನೆವಿಲ್ ಮ್ಯಾಸ್ಕಲೀನ್ ಅವನಿಗೊಂದು ಕೆಲಸ ಹೇಳಿ ಕಳಿಸಿದ್ದ. 1532ರಲ್ಲೂ 1661ರಲ್ಲೂ ಕಂಡದ್ದು ಒಂದೇ ಧೂಮಕೇತು. ಅದು 1788-89ರ ಸುಮಾರಿಗೆ ಮತ್ತೆ ಬರುತ್ತದೆ. ದಕ್ಷಿಣದ ಆಕಾಶದಲ್ಲಿ ಹುಡುಕು!

ಡಾಸ್ ಒಂದು ಭೂಶಿರದ ಮೇಲೆ ವೀಕ್ಷಣಾಲಯ ಕಟ್ಟಿದ. ಆ ಜಾಗ ನೀವು ನೋಡಿದ್ದೀರಿ! ಪ್ರತಿ ಡಿಸೆಂಬರ್ 31ರಂದು ಟಿ.ವಿ.ಯಲ್ಲಿ ಸಿಡ್ನಿಯ ಪಟಾಕಿ ತೋರಿಸುತ್ತಾರಲ್ಲ, ಆ ಹಾರ್ಬರ್ ಸೇತುವೆಯ ದಕ್ಷಿಣದ ಬುಡವೇ ಅದು. ಇವತ್ತಿಗೂ ಅದರ ಹೆಸರು ಡಾಸ್ ಪಾಯಿಂಟ್. ಮೂಲನಿವಾಸಿಗಳು ಇಟ್ಟ ಹೆಸರು ತಾರಾ. ಈಗ ಎರಡೂ ಹೆಸರು ಅಧಿಕೃತ!

ಡಾಸ್ ಕಾದ. ರಾತ್ರಿ ರಾತ್ರಿ ಕಾದ. ಧೂಮಕೇತು ಬಂತೇ?

ಇಲ್ಲ!

ಬರುವುದು ಸಾಧ್ಯವೇ ಇರಲಿಲ್ಲ. 1532ರದ್ದು ಬೇರೆ, 1661ರದ್ದು ಬೇರೆ. ಲೆಕ್ಕವೇ ತಪ್ಪು. ಹಾಗಾದರೆ 1661ರ ಧೂಮಕೇತು ಮತ್ತೆ ಬಂದದ್ದು ಯಾವಾಗ? ಹೇಳಿ ನೋಡೋಣ. 1800? 1850? 1910?

2002!

341 ವರ್ಷಗಳ ಸುತ್ತು ಮುಗಿಸಿ ಬಂತು. ಇಕೆಯಾ-ಝಾಂಗ್ ಎಂಬ ಹೆಸರಿನಲ್ಲಿ ನಮ್ಮ ಕಾಲದವರ ಕಣ್ಣಿಗೇ ಬಿತ್ತು. ಪಾಪ, ಡಾಸ್ ಇನ್ನೂ ಇನ್ನೂರು ವರ್ಷ ಕಾಯಬೇಕಿತ್ತು!

ಆದರೆ ಧೂಮಕೇತುವಿನ ದಾರಿ ನೋಡುತ್ತಿದ್ದವನ ಗುಡಿಸಲಿಗೆ ಬೇರೆ ಯಾರೋ ಬಂದರು.

ಅವರು ಬಂದದ್ದು ಎಷ್ಟು ದೊಡ್ಡ ಸಂಗತಿ ಗೊತ್ತಾ? ಗೊತ್ತಾಗಬೇಕಾದರೆ ಗವರ್ನರ್ ಆರ್ಥರ್ ಫಿಲಿಪ್ ಏನು ಮಾಡಿದ ಅಂತ ತಿಳಿಯಬೇಕು. ಮೂಲನಿವಾಸಿಗಳ ಜೊತೆ ಸ್ನೇಹದಿಂದ ಇರಬೇಕು ಅಂತ ಲಂಡನ್ನಿನಿಂದ ಅವನಿಗೆ ಆಜ್ಞೆಯಾಗಿತ್ತು. ಸ್ನೇಹಕ್ಕೆ ಮಾತು ಬೇಕು. ಮಾತಿಗೆ ಭಾಷೆ ಬೇಕು. ಭಾಷೆಗೆ ಮೇಷ್ಟ್ರು ಬೇಕು. ಮೇಷ್ಟ್ರನ್ನು ಎಲ್ಲಿಂದ ತರುವುದು? ಫಿಲಿಪ್ ಹುಡುಕಿದ ಉಪಾಯ ಏನು?

ಅಪಹರಣ!

ಹೌದು, ಸರಿಯಾಗಿಯೇ ಓದಿದಿರಿ. ಭಾಷೆ ಕಲಿಯುವುದಕ್ಕೆ ಮನುಷ್ಯನನ್ನೇ ಹಿಡಿದು ತಂದರು! ತಾರೀಖು ಯಾವುದು ಗೊತ್ತಾ? 1788ರ ಡಿಸೆಂಬರ್ 31. ಈಗ ಪಟಾಕಿ ಹೊಡೆಯುತ್ತಾರಲ್ಲ, ಅದೇ ದಿನ. ಮ್ಯಾನ್ಲಿ ಕಡಲತೀರದಲ್ಲಿ ಸೈನಿಕರು ಒಬ್ಬನ ಮೇಲೆ ಬಿದ್ದು, ಹಗ್ಗ ಬಿಗಿದು, ದೋಣಿಗೆ ಎಳೆದರು. ಹೆಸರೂ ಗೊತ್ತಿಲ್ಲದೆ ಅವನನ್ನು ಆ ಜಾಗದ ಹೆಸರಿನಿಂದಲೇ 'ಮ್ಯಾನ್ಲಿ' ಎಂದು ಕರೆದರು. ಅವನ ನಿಜವಾದ ಹೆಸರು ಅರಬನೂ.

ಈಗ ಒಂದು ಕ್ಷಣ ಅವನ ಕೈಯನ್ನೇ ನೋಡಿ. ಮಣಿಕಟ್ಟಿಗೆ ಕಬ್ಬಿಣದ ಕೋಳ ಹಾಕಿದರು. ಅರಬನೂಗೆ ಖುಷಿಯಾಯಿತು! ಯಾಕೆ ಹೇಳಿ? ಕೊಟ್ಟದ್ದು ಒಡವೆ ಅಂದುಕೊಂಡ! ಒಡವೆಗೆ ತನ್ನ ಭಾಷೆಯಲ್ಲಿ ಇದ್ದ ಹೆಸರನ್ನೇ ಹೇಳಿ ತೋರಿಸಿದ. ಆಮೇಲೆ ಅದರ ಕೆಲಸ ಏನೆಂದು ತಿಳಿಯಿತು. ಖುಷಿಯೆಲ್ಲ ಕೋಪವಾಗಿ, ದ್ವೇಷವಾಗಿ ಹೊರಟಿತು. ಇದನ್ನು ಬರೆದಿಟ್ಟವನು ಕ್ಯಾಪ್ಟನ್ ವಾಟ್ಕಿನ್ ಟೆಂಚ್, ಅದೇ ಸೈನ್ಯದ ಅಧಿಕಾರಿ.

1789ರ ಏಪ್ರಿಲ್. ಸಿಡುಬು ಬಂತು. ಬಂದರಿನ ಕೊರಕಲುಗಳಲ್ಲಿ, ಬಂಡೆಗಳ ಮರೆಯಲ್ಲಿ ಹೆಣಗಳು! ಕಾಯಿಲೆ ಬಿದ್ದ ತನ್ನವರ ಆರೈಕೆ ಮಾಡಿದ ಅರಬನೂ ಮೇ ತಿಂಗಳಲ್ಲಿ ಅದೇ ಸಿಡುಬಿಗೆ ಬಲಿಯಾದ.

ಸುತ್ತಲಿನ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನ ಸತ್ತರು ಎಂಬುದು ಫಿಲಿಪ್‌ನ ಅಂದಾಜು. ಸಿಡ್ನಿ ನಗರದ ನಡುಭಾಗ ಈಗ ಇರುವ ನೆಲ ಗಡಿಗಲ್ ಕುಲದವರದು. ಆ ಕುಲದಲ್ಲಿ ಉಳಿದವರು ಎಷ್ಟು ಜನ ಅಂತ ಕೋಲ್ಬಿ ಎಂಬವನು ಹೇಳಿದ. ಇಡೀ ಕುಲದಲ್ಲಿ! ಊಹಿಸಿ.

ಮೂವರು.

ಇಷ್ಟಾದ ಮೇಲಾದರೂ ಫಿಲಿಪ್ ಬುದ್ಧಿ ಕಲಿತನೇ? ಇಲ್ಲ! 1789ರ ನವೆಂಬರ್‌ನಲ್ಲಿ ಮತ್ತೆ ಅಪಹರಣ. ಈ ಸಲ ಇಬ್ಬರು. ದೊಡ್ಡ ಎರಡು ಮೀನು ತೋರಿಸಿ ಹತ್ತಿರ ಕರೆದರು. ಹತ್ತಿರ ಬಂದವರನ್ನು ಹಿಡಿದರು. ಒಬ್ಬ ಇದೇ ಕೋಲ್ಬಿ. ಇನ್ನೊಬ್ಬ ಬೆನಲಾಂಗ್. ಸಿಡ್ನಿಯ ಒಪೆರಾ ಹೌಸ್ ನಿಂತಿರುವ ಜಾಗಕ್ಕೆ ಬೆನಲಾಂಗ್ ಪಾಯಿಂಟ್ ಎನ್ನುತ್ತಾರೆ. ಅದು ಅವನದೇ ಹೆಸರು! ಕೋಲ್ಬಿ ತಿಂಗಳು ತುಂಬುವ ಮೊದಲೇ ಕಾಲಿನ ಸಂಕೋಲೆಯ ಸಮೇತ ಓಡಿದ. ಬೆನಲಾಂಗ್ 1790ರ ಮೇನಲ್ಲಿ ಓಡಿದ. ಹಗ್ಗ ಹಾಕಿ ಹಿಡಿದ ಮೇಷ್ಟ್ರು ಎಷ್ಟು ದಿನ ಪಾಠ ಹೇಳಿಯಾನು?

ಆದರೆ ಬಂದರಿನ ಈ ತುದಿಯಲ್ಲಿ, ಡಾಸ್‌ನ ಗುಡಿಸಲಿನಲ್ಲಿ, ಹಗ್ಗವಿಲ್ಲದೆ ಪಾಠ ನಡೆದಿತ್ತು!

ಅಲ್ಲಿಗೆ ಜನ ತಾವಾಗಿ ಬರುತ್ತಿದ್ದರು. ಗಂಡಸರು, ಹೆಂಗಸರು, ಮಕ್ಕಳು. ಬೆನಲಾಂಗ್‌ನ ತಂಗಿ ವಾರವೀರ್ ಬರುತ್ತಿದ್ದಳು. ಎಲ್ಲರಿಗಿಂತ ಹೆಚ್ಚು ಹೇಳಿಕೊಟ್ಟವಳು ಒಬ್ಬ ಹುಡುಗಿ. ವಯಸ್ಸು ಸುಮಾರು 15. ಹೆಸರು ಪಟ್ಯೆಗರಂಗ್.

ಆ ಹೆಸರಿಗೆ ಅವಳ ಭಾಷೆಯಲ್ಲಿ ಏನರ್ಥ ಗೊತ್ತಾ? ಬೂದು ಕಾಂಗರೂ!

ಈಗ ಬಂತು ನೋಡಿ ಕಾಂಗರೂ ಕಥೆ. 1770ರಲ್ಲಿ ಜೇಮ್ಸ್ ಕುಕ್‌ನ ಹಡಗು ಬಂಡೆಗೆ ಬಡಿದು, ಸಿಡ್ನಿಯಿಂದ ಸುಮಾರು 2000 ಕಿ.ಮೀ. ಉತ್ತರದಲ್ಲಿ ರಿಪೇರಿಗೆ ನಿಂತಿತು. ಅಲ್ಲಿಯ ಗೂಗು ಯಿಮಿದಿರ್ ಜನರಿಂದ ಕುಕ್‌ನ ತಂಡ 'ಕಾಂಗರೂ' ಪದ ಕಲಿಯಿತು. ಹದಿನೆಂಟು ವರ್ಷ ಬಿಟ್ಟು ಸಿಡ್ನಿಗೆ ಬಂದ ಇಂಗ್ಲಿಷರು ಅಲ್ಲಿಯವರ ಮುಂದೆ ಅದೇ ಪದ ಹೇಳಿದರು. ಅವರಿಗೇನು ಗೊತ್ತು? ಇದು ಇಂಗ್ಲಿಷರ ಪದ ಅಂದುಕೊಂಡರು! 1791ರಲ್ಲಿ 'ಗೋರ್ಗನ್' ಎಂಬ ಹಡಗು ಹಸುಗಳನ್ನು ತಂದಿತು. ಟೆಂಚ್ ಅವನ್ನು ಕೋಲ್ಬಿಗೆ ತೋರಿಸಿದ. ಕೋಲ್ಬಿ ಏನು ಕೇಳಿದ? ಇವು ಕಾಂಗರೂಗಳೇ?

ಕೇಳಿದವನು ಕಾಂಗರೂ ನಾಡಿನವನೇ!

'ಕಾಂಗರೂ ಅಂದರೆ ನನಗೆ ಗೊತ್ತಿಲ್ಲ ಅಂತ ಅರ್ಥ' ಎಂಬ ಕಥೆ ನೀವೂ ಕೇಳಿರಬೇಕು. ಬರೀ ಕಟ್ಟುಕಥೆ! 1970ರ ದಶಕದ ಆರಂಭದಲ್ಲಿ ಜಾನ್ ಹ್ಯಾವಿಲ್ಯಾಂಡ್ ಎಂಬ ಸಂಶೋಧಕ ಗೂಗು ಯಿಮಿದಿರ್ ಜನರ ನಡುವೆಯೇ ಕೂತು ಕೆಲಸ ಮಾಡಿದ. ಅವರ ಭಾಷೆಯಲ್ಲಿ 'ಗಂಗುರು' ಇಂದಿಗೂ ಇದೆ. ಒಂದು ಜಾತಿಯ ದೊಡ್ಡ ಕಾಂಗರೂಗೆ ಅದೇ ಹೆಸರು. ಕುಕ್‌ನ ತಂಡ ಸರಿಯಾಗಿಯೇ ಕೇಳಿಸಿಕೊಂಡಿತ್ತು!

ಸರಿ, ಗುಡಿಸಲಿಗೆ ಬನ್ನಿ. ಡಾಸ್ ಏನು ಬರೆದ?

ಎರಡು ಪುಟ್ಟ ನೋಟ್‌ಬುಕ್. ಒಂದರಲ್ಲಿ ವ್ಯಾಕರಣ, ಇನ್ನೊಂದರಲ್ಲಿ ಪದಗಳು, ವಾಕ್ಯಗಳು. ಮೂರನೆಯದೂ ಇದೆ, ಅದು ವಸಾಹತಿನ ಬೇರೆಯವರ ಕೈಬರಹ. ಉಳಿದ ಅಧಿಕಾರಿಗಳು ತಲೆಗೆ ಏನು, ಮೂಗಿಗೆ ಏನು, ಮೀನಿಗೆ ಏನು ಅಂತ ಪಟ್ಟಿ ಮಾಡುತ್ತಿದ್ದರು. ಡಾಸ್ ಕ್ರಿಯಾಪದದ ರೂಪಗಳನ್ನು ಬಿಡಿಸುತ್ತಿದ್ದ! ನೋಡುತ್ತೇನೆ, ನೋಡಿದೆ, ನೋಡುವೆ. ನಾನು, ನೀನು, ಅವನು. ನಾವಿಬ್ಬರು ಬೇರೆ, ನಾವೆಲ್ಲ ಬೇರೆ! ಸಂಸ್ಕೃತದ ದ್ವಿವಚನ ಬಾಯಿಪಾಠ ಮಾಡಿ ಸುಸ್ತಾದವರು ಕೇಳಿ: ಸಿಡ್ನಿಯ ಮಗು ಅದನ್ನು ತೊಟ್ಟಿಲಿನಿಂದಲೇ ಕಲಿಯುತ್ತಿತ್ತು.

ಇನ್ನೂ ಒಂದಿದೆ. ಇದು ಕನ್ನಡಿಗರಿಗೆ ಮಾತ್ರ ಹೇಳುವಂಥದ್ದು!

ನಮ್ಮ ವರ್ಣಮಾಲೆಯಲ್ಲಿ ಒಂದು ಅಕ್ಷರವಿದೆ. ಕ ಖ ಗ ಘ ಆದ ಮೇಲೆ ಬರುತ್ತದೆ. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದೆವು, ಆಮೇಲೆ ಮರೆತೆವು. ಆ ಅಕ್ಷರದಿಂದ ಶುರುವಾಗುವ ಒಂದು ಪದ ಹೇಳಿ ನೋಡೋಣ. ಆಗುವುದಿಲ್ಲ ಅಲ್ಲವೇ? ಅದೇ, ಙ!

ಸಿಡ್ನಿಯ ಭಾಷೆಯಲ್ಲಿ ಈ ಙ ಪದದ ಮೊದಲಲ್ಲೇ ಬರುತ್ತದೆ. 'ನಾನು' ಎನ್ನಬೇಕೇ? ಙ! 'ನೀನು' ಎನ್ನಬೇಕೇ? ಅದಕ್ಕೂ ಙ! ಪದದ ಮೊದಲಲ್ಲಿ ಅದು ಇಂಗ್ಲಿಷಿನ ಕಿವಿಗೆ ದಕ್ಕುವ ದನಿಯಲ್ಲ. ಡಾಸ್ ಬಿಡಲಿಲ್ಲ. 'ಎನ್'ಗೆ ಬಾಲ ಕಟ್ಟಿದ ಅಕ್ಷರವೊಂದನ್ನೇ ಅದಕ್ಕೆಂದು ಬಳಸಿದ. ಇನ್ನೊಂದು ಕಡೆ ಸಿಡ್ನಿಯವರಿಗೆ 'ಸ' ಹೇಳಲು ಬರುತ್ತಲೇ ಇರಲಿಲ್ಲ! ಎಷ್ಟು ಹೆಣಗಿದರೂ ಬಾರದು ಅಂತ ಟೆಂಚ್ ಬರೆದಿದ್ದಾನೆ.

ಆಸ್ಟ್ರೇಲಿಯಾದ ಬಹಳಷ್ಟು ಮೂಲಭಾಷೆಗಳಲ್ಲಿ ನಾಲಿಗೆ ಮಡಿಸಿ ಹೇಳುವ ಟ, ಣ, ಳ ದನಿಗಳೂ ಇವೆ. ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲೇ ಈ ಎರಡು ಭಾಷಾವರ್ಗಗಳ ಹೋಲಿಕೆಯ ಮಾತೆತ್ತಿದ್ದ! ನೆಂಟಸ್ತಿಕೆ ಮಾತ್ರ ಇವತ್ತಿನವರೆಗೆ ಸಾಬೀತಾಗಿಲ್ಲ. ಆದರೂ ಮೈ ಜುಮ್ಮೆನ್ನುವುದಿಲ್ಲವೇ?

ಆದರೆ ಆ ಪುಟಗಳ ನಿಜವಾದ ವಿಸ್ಮಯ ವ್ಯಾಕರಣದಲ್ಲಿಲ್ಲ. ಮನುಷ್ಯರಲ್ಲಿದೆ!

ಒಂದು ಕ್ರಿಯಾಪದ ನೋಡಿ: 'ಪುಟುವಾ'. ಅರ್ಥ? ತನ್ನ ಕೈಯನ್ನು ಬೆಂಕಿಗೆ ಹಿಡಿದು ಬೆಚ್ಚಗೆ ಮಾಡಿಕೊಂಡು, ಆಮೇಲೆ ಇನ್ನೊಬ್ಬರ ಬೆರಳುಗಳನ್ನು ಮೆಲ್ಲನೆ ಅದುಮುವುದು! ಇಷ್ಟೂ ಒಂದೇ ಪದದಲ್ಲಿ. ಇದು ಪಟ್ಟಿ ಹಿಡಿದು ಕೇಳಿದರೆ ಸಿಗುವ ಪದವೇ? ಒಲೆಯ ಪಕ್ಕ ಕೂತವನಿಗೆ ಮಾತ್ರ ಸಿಗುವ ಪದ!

ಇನ್ನೊಂದು ಕಡೆ ಡಾಸ್ ಹುಡುಗಿಗೆ ಹೇಳುತ್ತಾನೆ: ಆಗಾಗ ಮೈ ತೊಳೆದುಕೊಂಡರೆ ನೀನೂ ಬೆಳ್ಳಗಾಗುತ್ತೀಯ. ಅಬ್ಬಾ, ಒಳ್ಳೆಯವನ ಬಾಯಲ್ಲೂ ಇಂಥ ಮಾತು! ಪಟ್ಯೆಗರಂಗ್ ಕೈಯಲ್ಲಿದ್ದ ಟವೆಲ್ ಕೆಳಗೆ ಎಸೆದಳು. ನಾನು ಬೆಳ್ಳಗಾಗುವುದಿಲ್ಲ ಅಂದಳು. ಡಾಸ್ ಅದನ್ನು ಮುಚ್ಚಿಡಲಿಲ್ಲ. ಅವಳ ಮಾತನ್ನು ಅವಳ ಭಾಷೆಯಲ್ಲೇ ಬರೆದ. ಟವೆಲ್ ಎಸೆದದ್ದನ್ನೂ ಹತಾಶೆಯ ದನಿಯನ್ನೂ ಪಕ್ಕದಲ್ಲೇ ಬರೆದ.

ಈಗ ಉಸಿರು ಬಿಗಿಹಿಡಿದು ಕೇಳಿ. ಇದು ನನ್ನ ಮಟ್ಟಿಗೆ ಆ ನೋಟ್‌ಬುಕ್‌ಗಳ ಶಿಖರ.

ಒಬ್ಬ ಬಿಳಿಯನಿಗೆ ದಾರಿಯಲ್ಲಿ ಗಾಯವಾಗಿದೆ. ಡಾಸ್ ಕೇಳುತ್ತಾನೆ: ನಿಮ್ಮವರು ಯಾಕೆ ಹೀಗೆ ಮಾಡಿದರು?

ಸಿಟ್ಟು ಬಂದಿದೆ ಅನ್ನುತ್ತಾಳೆ ಪಟ್ಯೆಗರಂಗ್.

ಯಾಕೆ ಸಿಟ್ಟು?

ಬಿಳಿಯರು ಬಂದು ಇಲ್ಲೇ ನೆಲೆಯೂರಿದ್ದಕ್ಕೆ.

ಕಾಮರೈಗಲ್ ಕುಲದವರು ಹೆದರಿದ್ದಾರೆ ಅಂತಲೂ ಹೇಳುತ್ತಾಳೆ. ಯಾಕೆ ಹೆದರಿಕೆ? ಒಂದೇ ಪದದ ಉತ್ತರ: 'ಗನಿನ್'.

ಇದು ಯಾವ ಭಾಷೆ? ಗನ್ ಇಂಗ್ಲಿಷರದು. 'ಇನ್' ಅವಳದು! ಕಾರಣ ಹೇಳುವ ಪ್ರತ್ಯಯ. ನಾವು ಗನ್ನಿಗೆ ನಮ್ಮ ಪ್ರತ್ಯಯ ಹಚ್ಚಿ 'ಗನ್ನಿನಿಂದ' ಅನ್ನುತ್ತೇವಲ್ಲ, ಥೇಟ್ ಹಾಗೆಯೇ! ಬಂದೂಕು ಆ ನೆಲಕ್ಕೆ ಬಂದು ಮೂರೇ ವರ್ಷ. ಅಷ್ಟರಲ್ಲಿ ಅದು ಅವರ ವ್ಯಾಕರಣದೊಳಗೇ ಹೊಕ್ಕಿತ್ತು.

ಯಾಕೆ ಸಿಟ್ಟು ಅಂತ ಒಬ್ಬ ಬಿಳಿಯ ಅಧಿಕಾರಿ ಕೇಳಿದ. ನೆಲದ ಹುಡುಗಿ ಹೇಳಿದಳು. ಅವಳ ಭಾಷೆಯಲ್ಲೇ ಅದು ದಾಖಲಾಯಿತು! ಆ ಕಾಲದ ವಸಾಹತಿನ ಕಾಗದಪತ್ರಗಳಲ್ಲಿ ಇಂಥದ್ದು ಎಷ್ಟು ಅಪರೂಪ!

ಹೀಗೆ ಕೇಳಿ ಕೇಳಿ ಕಲಿತವನ ಕೈಗೆ ಗವರ್ನರ್ ಏನು ಕೊಟ್ಟ ಗೊತ್ತಾ?

ಕೊಡಲಿ ಮತ್ತು ಚೀಲ.

1790ರ ಡಿಸೆಂಬರ್. ಫಿಲಿಪ್‌ನ ಬೇಟೆಗಾರ ಮ್ಯಾಕಿಂಟೈರ್‌ಗೆ ಪೆಮುಲ್ವುಯ್ ಎಂಬ ವೀರ ಈಟಿ ಎಸೆದ. ಮೂಲನಿವಾಸಿಗಳು ಈ ಮ್ಯಾಕಿಂಟೈರ್‌ನನ್ನು ಕಂಡರೆ ಹೆದರುತ್ತಿದ್ದರು, ದ್ವೇಷಿಸುತ್ತಿದ್ದರು. ಫಿಲಿಪ್ ಕೆಂಡವಾದ. ಹತ್ತು ಜನರನ್ನು ಕೊಂದು ತಲೆ ತನ್ನಿ ಎಂದ! ಯಾರ ತಲೆ? ಪೆಮುಲ್ವುಯ್‌ನ ಕುಲದವರಾದರೆ ಸಾಕು, ಯಾರದ್ದಾದರೂ ಸರಿ! ತಲೆ ಕಡಿಯಲು ಕೊಡಲಿ, ತುಂಬಿ ತರಲು ಚೀಲ. ಟೆಂಚ್ ಚೌಕಾಸಿ ಮಾಡಿ ಹತ್ತನ್ನು ಆರಕ್ಕೆ ಇಳಿಸಿದ. ತಂಡಕ್ಕೆ ಡಾಸ್‌ನ ಹೆಸರೂ ಬಿತ್ತು.

ಡಾಸ್ ಏನಂದ?

ಹೋಗುವುದಿಲ್ಲ ಅಂದ! ಮೇಲಧಿಕಾರಿಗೆ ಪತ್ರ ಬರೆದೇ ಹೇಳಿದ. ಸೈನಿಕ! ಆಜ್ಞೆ! ಆದರೂ ಒಲ್ಲೆ ಅಂದ! ಪಾದ್ರಿ ರಿಚರ್ಡ್ ಜಾನ್ಸನ್ ಬುದ್ಧಿ ಹೇಳಿದ ಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಹೊರಟ.

ಸುಮಾರು 50 ಸೈನಿಕರು. ಕಾಡು, ಕೆಸರು, ಸೊಳ್ಳೆ. ಎಷ್ಟು ತಲೆ ತಂದರು?

ಸೊನ್ನೆ! ಯಾರೂ ಕೈಗೆ ಸಿಗಲಿಲ್ಲ. ಎರಡನೇ ಸಲವೂ ತಂಡ ಹೋಯಿತು. ಆಗಲೂ ಸೊನ್ನೆ! ಆ ಸಲ ಕೆಸರಿನಲ್ಲಿ ಹೂತು ಸೈನಿಕರೇ ಸಾಯುವಂತಾಗಿತ್ತು.

ಮರಳಿ ಬಂದ ಡಾಸ್ ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಇರಲಿಲ್ಲ! ಹೋದದ್ದಕ್ಕೆ ಪಶ್ಚಾತ್ತಾಪವಾಗಿದೆ, ಇಂಥ ಆಜ್ಞೆಯನ್ನು ಇನ್ನೊಮ್ಮೆ ಪಾಲಿಸುವುದಿಲ್ಲ ಅಂತ ಬಹಿರಂಗವಾಗಿಯೇ ಹೇಳಿದ. ಅವನಿಗೆ ಆ ನಾಡಿನಲ್ಲೇ ಉಳಿಯುವ ಆಸೆಯಿತ್ತು. ಉಳಿಯಬಹುದು, ಆದರೆ ಕ್ಷಮೆ ಕೇಳು ಎಂದ ಫಿಲಿಪ್. ಡಾಸ್ ಕೇಳಲಿಲ್ಲ. 1791ರ ಡಿಸೆಂಬರ್‌ನಲ್ಲಿ ಅವನನ್ನು ಹಡಗು ಹತ್ತಿಸಿದರು. ಯಾವ ಹಡಗು ಗೊತ್ತಾ? ಕೋಲ್ಬಿ ಕಂಡ ಹಸುಗಳನ್ನು ತಂದಿತ್ತಲ್ಲ, ಅದೇ ಗೋರ್ಗನ್!

ಡಾಸ್ ಮತ್ತೆಂದೂ ಆ ನೆಲ ತುಳಿಯಲಿಲ್ಲ. ಬಿಡುಗಡೆ ಪಡೆದ ಗುಲಾಮರ ನೆಲೆಯಾದ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಮೂರು ಸಲ ಗವರ್ನರ್ ಆದ. ಮುದಿತನದಲ್ಲಿ ವೆಸ್ಟ್ ಇಂಡೀಸ್‌ನ ಆಂಟಿಗಾ ದ್ವೀಪಕ್ಕೆ ಹೋಗಿ ಗುಲಾಮರ ಮಕ್ಕಳ ಶಾಲೆಗಳಿಗಾಗಿ ದುಡಿದ. 1836ರಲ್ಲಿ ಅಲ್ಲೇ ತೀರಿಕೊಂಡ.

ನೋಟ್‌ಬುಕ್‌ಗಳು ಏನಾದವು?

ವಿಲಿಯಂ ಮಾರ್ಸ್‌ಡನ್ ಎಂಬ ವಿದ್ವಾಂಸನಿದ್ದ; ಸುಮಾತ್ರಾದ ಇತಿಹಾಸ ಬರೆದವನು, ಮಲಯ್ ಭಾಷೆಯ ನಿಘಂಟು ಮಾಡಿದವನು. ಅವನ ಸಂಗ್ರಹಕ್ಕೆ ಅವು ಸೇರಿದವು. ಸಂಗ್ರಹ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋಯಿತು. ಅಲ್ಲಿಂದ ಪೌರ್ವಾತ್ಯ ಅಧ್ಯಯನದ ಸಂಸ್ಥೆ ಸೋಆಸ್‌ಗೆ. ಏಷ್ಯಾದ ಹಸ್ತಪ್ರತಿಗಳ ರಾಶಿಯಲ್ಲಿ ಸಿಡ್ನಿಯ ಹುಡುಗಿಯ ಮಾತು! ಯಾರು ಹುಡುಕುತ್ತಾರೆ ಅಲ್ಲಿ?

ಹುಡುಕಿದವರು ಒಬ್ಬ ಗ್ರಂಥಪಾಲಕಿ! ಸಿಡ್ನಿಯ ಮಿಚೆಲ್ ಗ್ರಂಥಾಲಯದ ಮುಖ್ಯಸ್ಥೆಯಾಗಿದ್ದ ಫಿಲಿಸ್ ಮ್ಯಾಂಡರ್-ಜೋನ್ಸ್. ಬ್ರಿಟನ್ನಿನಲ್ಲಿ ಎಲ್ಲೆಲ್ಲಿ ಆಸ್ಟ್ರೇಲಿಯಾದ ಹಸ್ತಪ್ರತಿಗಳಿವೆ ಅಂತ ಆಕೆ ಪಟ್ಟಿ ಮಾಡಿಸುತ್ತಿದ್ದರು. ಆ ಪಟ್ಟಿ ಅಚ್ಚಾದದ್ದು 1972ರಲ್ಲಿ. ಡಾಸ್ ಹಡಗು ಹತ್ತಿ 180 ವರ್ಷ ಕಳೆದ ಮೇಲೆ!

ಭಾಷಾ ಸಂಶೋಧಕರು ಮುಗಿಬಿದ್ದರು. ಜ್ಯಾಕ್ಲಿನ್ ಟ್ರಾಯ್ 1990ರ ದಶಕದಲ್ಲಿ ಸಿಡ್ನಿ ಭಾಷೆಯ ಪುಸ್ತಕವನ್ನೇ ಹೊರತಂದರು. ಆಕೆ ಯಾರು? ಆಸ್ಟ್ರೇಲಿಯಾದ ಙರಿಗು ಮೂಲನಿವಾಸಿ ಸಮುದಾಯದವರು! ಕೇಟ್ ಗ್ರೆನ್‌ವಿಲ್ 2008ರಲ್ಲಿ ಈ ಕಥೆಯ ಎಳೆ ಹಿಡಿದು ಕಾದಂಬರಿ ಬರೆದರು. 2014ರಲ್ಲಿ ಮೂಲನಿವಾಸಿ ಕಲಾವಿದರ ಬಂಗಾರಾ ನೃತ್ಯತಂಡ ಈ ಕಥೆಯನ್ನು ರಂಗಕ್ಕೇರಿಸಿತು. ನೃತ್ಯರೂಪಕದ ಹೆಸರೇನು? ಡಾಸ್ ಅಲ್ಲ. 'ಪಟ್ಯೆಗರಂಗ್'!

ಮೂರು ನೋಟ್‌ಬುಕ್‌ಗಳಲ್ಲಿ ಒಂದು ಸಂಗತಿ ಮಾತ್ರ ಎಲ್ಲೂ ಇಲ್ಲ. ಏನದು, ಹೇಳಿ?

ಆ ಭಾಷೆಯ ಹೆಸರು! ಬರೆಯುವುದನ್ನೇ ಬಿಟ್ಟಿದ್ದಾರೆ! ಅದಕ್ಕೇ ಒಬ್ಬರು ಅದನ್ನು ದಾರುಗ್ ಅನ್ನುತ್ತಾರೆ, ಒಬ್ಬರು ಗಡಿಗಲ್ ಅನ್ನುತ್ತಾರೆ, ವಿದ್ವಾಂಸರು ಸುಮ್ಮನೆ 'ಸಿಡ್ನಿ ಭಾಷೆ' ಅನ್ನುತ್ತಾರೆ.

1788ರಲ್ಲಿ ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಈಗ ಮಕ್ಕಳು ಮನೆಮಾತಾಗಿ ಕಲಿಯುತ್ತಿರುವ ಗಟ್ಟಿ ಭಾಷೆಗಳೆಷ್ಟು? 2020ರ ರಾಷ್ಟ್ರೀಯ ವರದಿಯ ಪ್ರಕಾರ 12. ಬರೀ 12! ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿಯೂ ಇದೆ. ಬಳಕೆಯಲ್ಲಿರುವ ಅಥವಾ ಜನ ಮತ್ತೆ ಎಬ್ಬಿಸುತ್ತಿರುವ ಭಾಷೆಗಳು 120ಕ್ಕೂ ಹೆಚ್ಚು! ಸಿಡ್ನಿಯ ಭಾಷೆಯೂ ಅವುಗಳಲ್ಲೊಂದು. ದಾರುಗ್ ಜನ ಅದನ್ನು ಮತ್ತೆ ಕಲಿಯುತ್ತಿದ್ದಾರೆ, ಹಾಡುತ್ತಿದ್ದಾರೆ, ಮಕ್ಕಳಿಗೆ ಕಲಿಸುತ್ತಿದ್ದಾರೆ. ಯಾರ ಪಾಠದಿಂದ? ಹದಿನೈದರ ಹುಡುಗಿಯ ಪಾಠದಿಂದ! ಅವಳು ಡಾಸ್ ಒಬ್ಬನಿಗೇ ಹೇಳಿಕೊಡುತ್ತಿದ್ದಳು ಅಂದುಕೊಂಡಿರಾ? ಎರಡು ಶತಮಾನ ಆಚೆಯ ತನ್ನವರಿಗೂ ಹೇಳಿಕೊಡುತ್ತಿದ್ದಳು!

ಆ ಪುಟಗಳು ಈಗ ಅಂತರ್ಜಾಲದಲ್ಲಿವೆ. ಲಂಡನ್ನಿಗೆ ಹೋಗಬೇಕಿಲ್ಲ, ಅನುಮತಿ ಬೇಡ, ಕಾಸು ಬೇಡ. ಡಾಸ್‌ನ ಕೈಬರಹ, ಹೊಡೆದುಹಾಕಿದ ಸಾಲು, ಅಂಚಿನ ಟಿಪ್ಪಣಿ ಎಲ್ಲವೂ ಕಾಣುತ್ತವೆ. ಇವತ್ತೇ ತೆರೆಯಿರಿ! ಮೊದಲು 'ಯಾಕೆ ಸಿಟ್ಟು' ಇರುವ ಪುಟ ಹುಡುಕಿ. ಅವಳ ಉತ್ತರವನ್ನು ಬಾಯಿಬಿಟ್ಟು ಜೋರಾಗಿ ಓದಿ. ಙ ಬಂದರೆ ಹೆದರಬೇಡಿ, ಒಂದನೇ ಕ್ಲಾಸಿನಲ್ಲೇ ಕಲಿತಿದ್ದೀರಿ!